ಸೂಜಿ, ದಾರ, ಕೌದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಸೀರೆ, ಧೋತರಗಳನ್ನು ಜೋಡಿಸಿ ಕೈಯಿಂದ ಕೌದಿ ಹೊಲಿಯುವ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಕೇಳಿವೆ: ಮನೆಯಲ್ಲಿ ಮಷಿನ್ ಇರುವಾಗ ಕೈಯಿಂದ ಏಕೆ ಹೊಲಿಯಬೇಕು? ಆದ್ದರಿಂದ ಈ ಸಲದ ಅಂಕಣ ಪೂರ್ತಿಯಾಗಿ ಕೌದಿಗೇ ಮೀಸಲು.

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರ. ನಮ್ಮ ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಅವರು ಉಡುತ್ತಿದ್ದ ಏಳು ಇಳಕಲ್ ಸೀರೆಗಳು, ತಂದೆಯವರ ಮೂರು ಧೋತರಗಳು ಟ್ರಂಕಿನಲ್ಲಿವೆ. ಮಗಳು ಈಗ ಏಳು ತಿಂಗಳ ಬಸುರಿ. ಬರುವ ಕೂಸಿಗೆ ಈ ಅರಿವೆಗಳಿಂದ ಒಂದು ಕೌದಿ ಹೊಲಿಯಬೇಕೆಂಬ ಆಸೆ. ನಮ್ಮ ಓಣಿಯ ಟೇಲರ್ ಎರಡೇ ದಿನದಲ್ಲಿ ಮಷಿನ್ ಮೇಲೆ ಹೊಲಿದುಕೊಡುತ್ತೇನೆ ಎನ್ನುತ್ತಾರೆ, ಮನೆಯವರೂ ಹಾಗೇ ಮಾಡು ಎನ್ನುತ್ತಾರೆ. ಕೈಯಿಂದ ಹೊಲಿದರೆ ನಿಜವಾಗಿಯೂ ಬೇರೆಯಾಗುತ್ತದೆಯೇ, ಅಥವಾ ಇದು ನನ್ನ ಹಟ ಮಾತ್ರವೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಇದು ಹಟವಲ್ಲ. ಕೈಹೊಲಿಗೆಯ ಕೌದಿಗೂ ಮಷಿನ್ ಕೌದಿಗೂ ಇರುವ ವ್ಯತ್ಯಾಸವನ್ನು ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿದರೂ ತಿಳಿಯಬಹುದು. ಮಷಿನ್ ಹೊಲಿಗೆಗೆ ಎರಡು ದಾರಗಳು ಬೇಕು. ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ಒಡಲಲ್ಲಿ ಒಂದನ್ನೊಂದು ತೊಡರಿಕೊಂಡು, ಎರಡು ಮಗ್ಗುಲಲ್ಲೂ ಬಿಡುವಿಲ್ಲದ ಗೆರೆಯಾಗಿ ಸಾಗುತ್ತವೆ. ಅಂಥ ಗೆರೆಗಳು ಬೆರಳಗಲಕ್ಕೊಂದರಂತೆ ಬಂದಾಗ ಅರಿವೆ ಬಿಗಿದುಕೊಂಡು ರಟ್ಟಿನಂತಾಗುತ್ತದೆ. ಕೈಹೊಲಿಗೆಯಲ್ಲಿ ಒಂದೇ ದಾರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮುಳುಗೇಳುತ್ತ ಹೋಗುವುದರಿಂದ ಎರಡು ಹೊಲಿಗೆಗಳ ನಡುವೆ ಬಟ್ಟೆ ಚೂರು ಉಬ್ಬಿ ನಿಲ್ಲುತ್ತದೆ, ಪದರಗಳ ನಡುವೆ ಗಾಳಿ ಉಳಿಯುತ್ತದೆ. ಕೌದಿ ಬೆಚ್ಚಗಿರುವುದಕ್ಕೂ, ಹೊದ್ದಾಗ ಮೈಗೆ ಒಗ್ಗಿ ಬೀಳುವುದಕ್ಕೂ ಇದೇ ಕಾರಣ.

ಹಳೆಯ ಬಟ್ಟೆಯ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ನಮ್ಮ ತಂದೆಯವರ ಎರಡು ಧೋತರಗಳನ್ನು ಮಡಿಸಿ, ಮನೆಯ ಮಷಿನ್ ಮೇಲೆ ಒಂದೇ ಮಧ್ಯಾಹ್ನದಲ್ಲಿ ಕೌದಿ ಹೊಲಿದು ಮುಗಿಸಿದ್ದೆ. ನೋಡಲು ಚೊಕ್ಕಟವಾಗಿತ್ತು. ಮೂರನೆಯ ಸಲ ಒಗೆದಾಗ, ಅಂಚೆಚೀಟಿಯ ಹಾಳೆ ತೂತುಗಳ ಗುಂಟ ಹರಿದುಕೊಳ್ಳುವಂತೆ, ಹೊಲಿಗೆಯ ಗೆರೆಯುದ್ದಕ್ಕೂ ಧೋತರ ಬಿಟ್ಟುಕೊಂಡಿತು. ಉಟ್ಟು ಒಗೆದು ತೆಳುವಾದ ಬಟ್ಟೆಗೆ ಅಷ್ಟು ಒತ್ತಾಗಿ, ಅಷ್ಟು ರಭಸದಿಂದ ಬೀಳುವ ಸೂಜಿಯನ್ನು ತಾಳುವ ಶಕ್ತಿ ಇರುವುದಿಲ್ಲ. ಕೈಯ ಸೂಜಿಯಾದರೆ ಬಟ್ಟೆ ಎಲ್ಲಿ ಸೋತಿದೆ ಎಂಬುದನ್ನು ಬೆರಳಿನಿಂದ ಮೊದಲೇ ತಿಳಿದು, ಅಲ್ಲೊಂದು ತುಂಡು ಮೇಲಿಟ್ಟು ಮುಂದೆ ಹೋಗುತ್ತದೆ. ಆ ಧೋತರಗಳು ನನಗೆ ಮತ್ತೆ ಸಿಗಲಿಲ್ಲ. ನಿಮ್ಮ ಟ್ರಂಕಿನಲ್ಲಿರುವ ಮೂರಕ್ಕೆ ಹಾಗಾಗಬಾರದೆಂದು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇನ್ನು ಹೊಲಿಯುವವರಿಗೆ ಸಿಗುವ ಸುಖದ ಮಾತು. ಮಷಿನ್ ಕೆಲಸದಲ್ಲಿ ಮೊದಲು ತುಂಡುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಬೇಕು, ಆಮೇಲೆ ಅವನ್ನು ಒಂದಕ್ಕೊಂದು ಜೋಡಿಸಿ ಮೇಲ್ಪದರ ಮಾಡಬೇಕು, ಕೊನೆಗೆ ಒಳಪದರ, ಕೆಳಪದರ ಸೇರಿಸಿ ಎಲ್ಲವನ್ನೂ ಕೂಡಿಸಿ ಹೊಲಿಯಬೇಕು. ನಮ್ಮ ಕೌದಿಯಲ್ಲಿ ಈ ಮೂರು ಕೆಲಸಗಳು ಒಂದೇ ಓಟದಲ್ಲಿ ನಡೆಯುತ್ತವೆ. ನೆಲದ ಮೇಲೆ ಹಾಸಿದ ಧೋತರದ ಮೇಲೆ ಒಂದು ತುಂಡನ್ನಿಟ್ಟು, ಅಂಚು ಮಡಿಸಿ, ಸೂಜಿ ಓಡಿಸಿದರೆ ಆ ತುಂಡು ಕೂಡಿಕೊಂಡದ್ದೂ ಆಯಿತು, ಪದರಗಳು ಬಿಗಿದದ್ದೂ ಆಯಿತು. ಮುಂದಿನ ತುಂಡು ಯಾವುದು ಎಂಬುದನ್ನು ಆಗ ಆರಿಸಿದರೆ ಸಾಕು. ತಾಯಿಯವರು ಹಬ್ಬಕ್ಕೆ ಉಟ್ಟ ಸೀರೆಯ ಪಕ್ಕದಲ್ಲಿ ಅವರು ಅಡುಗೆಮನೆಯಲ್ಲಿ ಉಟ್ಟು ಸವೆಸಿದ ಸೀರೆ ಕೂಡಬೇಕೋ, ತಂದೆಯವರ ಧೋತರದ ಬಿಳುಪು ಕೂಡಬೇಕೋ ಎಂದು ತುಂಡನ್ನು ಕೈಯಲ್ಲಿ ಹಿಡಿದು ಯೋಚಿಸುವ ಆ ಗಳಿಗೆಗಳನ್ನು ಟೇಲರ್ ನಿಮಗೆ ಹೊಲಿದುಕೊಡಲಾರರು. ಎರಡು ವರ್ಷ ಮುಚ್ಚಿಟ್ಟ ಟ್ರಂಕನ್ನು ನೀವು ನಿಧಾನವಾಗಿ ತೆರೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ.

ಕೂಸಿನ ಕೌದಿ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲವಿದ್ದರೆ ಸಾಕು. ಸಾಲುಗಳನ್ನು ಬೆರಳಗಲಕ್ಕೆ, ಅಂದರೆ ಮುಕ್ಕಾಲು ಇಂಚಿಗೊಂದರಂತೆ ಹಾಕಿದರೆ 40 ಸಾಲಾಗುತ್ತವೆ. ದಿನಕ್ಕೆ ಒಂದು ತಾಸು ಕುಳಿತರೂ ಹದಿನೈದು ದಿನಗಳಲ್ಲಿ ಮುಗಿಯುತ್ತದೆ. ಕುಬಸದ ಹೊತ್ತಿಗೆ ಆಗದಿದ್ದರೂ ಬಾಣಂತನದ ಹೊತ್ತಿಗೆ ಖಂಡಿತ ಸಿದ್ಧವಿರುತ್ತದೆ.

ಇಳಕಲ್ ಸೀರೆಯನ್ನು ಕತ್ತರಿಸುವ ಮುನ್ನ ಒಂದು ಎಚ್ಚರಿಕೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ ನೇಯುವುದು ಆ ಸೀರೆಯ ವೈಶಿಷ್ಟ್ಯ, ಅದನ್ನೇ ಟೋಪ ತೆನಿ ಎನ್ನುವುದು. ಆ ಜೋಡಣೆಯ ಮೇಲೆ ಕತ್ತರಿ ಬಿದ್ದರೆ ಕೊಂಡಿಗಳು ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಸೆರಗನ್ನು ಜೋಡಣೆಯಿಂದ ನಾಲ್ಕು ಬೆರಳು ಈಚೆಗೆ ಕತ್ತರಿಸಿ ಹಾಗೆಯೇ ಎತ್ತಿಡಿ, ಕೂಸಿಗೆ ರೇಷ್ಮೆ ಬೇಕಿಲ್ಲ. ಒಡಲಿನ ಹತ್ತಿಯನ್ನು ಕೌದಿಗೆ ಬಳಸಿ. ದಡಿಯ ಭಾಗ ಒತ್ತಾಗಿ ನೇಯ್ದಿರುವುದರಿಂದ ಸೂಜಿಗೆ ಗಟ್ಟಿ. ಅದನ್ನು ನಡುವೆ ಹಾಕದೆ ನಾಲ್ಕೂ ಅಂಚಿಗೆ ಹಚ್ಚಿದರೆ ಕೌದಿಗೆ ಚೌಕಟ್ಟೂ ಆಗುತ್ತದೆ, ಬೇಗ ಸವೆಯುವ ಅಂಚಿಗೆ ಬಲವೂ ಬರುತ್ತದೆ. ದಾರದ ಗಂಟುಗಳೆಲ್ಲ ಪದರದ ಒಳಗೆ ಸೇರಿರಲಿ. ಕೂಸಿನ ಬೆರಳು ಗಂಟಿಗೆ, ಜೋಲುವ ದಾರಕ್ಕೆ ಸಿಕ್ಕಿಕೊಳ್ಳಬಾರದು. ಎಳೆಗೂಸಿಗೆ ಇದನ್ನು ಹೊದಿಸುವ ಬದಲು ಕೆಳಗೆ ಹಾಸಿ.

ಪ್ರಶ್ನೆ: ನಾನು 29 ವರ್ಷದವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಜ್ಜಿಯ ಕೌದಿಯಂಥದ್ದೇ ಒಂದನ್ನು ಮಾಡಬೇಕೆಂದು ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದು, ನಾಲ್ಕು ಇಂಚಿನ 120 ಚೌಕಗಳನ್ನು ಕತ್ತರಿಸಿಟ್ಟುಕೊಂಡಿದ್ದೇನೆ. ಎರಡು ವಾರದಿಂದ ರಾತ್ರಿ ಕುಳಿತು ಕೈಯಿಂದ ಜೋಡಿಸುತ್ತಿದ್ದೇನೆ. ಮೂಲೆಗಳು ಕೂಡುತ್ತಿಲ್ಲ, ಹೊಲಿಗೆ ಸೊಟ್ಟಗಿದೆ. ಮಷಿನ್ ಕೊಂಡರೆ ಸರಿಹೋಗುತ್ತದೆಯೇ? ಗಂಡಸಿಗೇಕೆ ಈ ಕೆಲಸ ಎಂದು ಜೊತೆಯವರು ಕೇಳುತ್ತಾರೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ, ತಮ್ಮಾ. ನಮ್ಮ ನಾಡಿನಲ್ಲಿ ಹೊಲಿಗೆಯನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ಶಿಂಪಿಗರು, ದರ್ಜಿಗಳು ಬಹುಪಾಲು ಗಂಡಸರೇ. ಸೂಜಿ ಹಿಡಿಯಲು ನೀವು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಮಷಿನ್ ಈಗ ಕೊಳ್ಳಬೇಡಿ. ಮೂಲೆ ಕೂಡದಿರುವುದಕ್ಕೆ ಕೈ ಕಾರಣವಲ್ಲ, ಗೆರೆ ಎಳೆಯದಿರುವುದು ಕಾರಣ ಎಂದು ತೋರುತ್ತದೆ. ಮಷಿನ್ ಮೇಲೆ ಹೊಲಿಯುವವರು ಬಟ್ಟೆಯ ಕತ್ತರಿಸಿದ ಅಂಚನ್ನು ನೋಡಿಕೊಂಡು ಹೊಲಿಯುತ್ತಾರೆ. ಕೈಯಿಂದ ಹೊಲಿಯುವವರು ನೋಡಬೇಕಾದದ್ದು ಹೊಲಿಗೆ ಬೀಳುವ ಗೆರೆಯನ್ನು. ಪ್ರತಿ ಚೌಕದ ಹಿಂಬದಿಯಲ್ಲಿ, ಅಂಚಿನಿಂದ ಕಾಲು ಇಂಚು ಒಳಗೆ, ನಾಲ್ಕೂ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಎರಡು ಚೌಕಗಳ ಮುಂಬದಿಗಳನ್ನು ಒಂದಕ್ಕೊಂದು ಎದುರಾಗಿಟ್ಟು, ಒಂದರ ಗೆರೆಗಳು ಕೂಡುವ ಬಿಂದುವಿನಿಂದ ಗುಂಡುಸೂಜಿ ಚುಚ್ಚಿದರೆ ಅದು ಇನ್ನೊಂದರ ಬಿಂದುವಿನಲ್ಲೇ ಹೊರಬರಬೇಕು. ಎರಡೂ ತುದಿಗೆ ಹಾಗೆ ಮಾಡಿ, ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿನವರೆಗೆ ಮಾತ್ರ ಹೊಲಿಯಿರಿ. ಗೆರೆಯ ಆಚೆಗಿನ ಕಾಲು ಇಂಚಿನ ಅಂಚನ್ನು ಹೊಲಿಗೆಗೆ ಸಿಕ್ಕಿಸದೆ ಬಿಡಿ. ನಾಲ್ಕು ಚೌಕ ಕೂಡುವ ಕಡೆ ಆ ಬಿಟ್ಟ ಅಂಚುಗಳು ಗಿರಗಟ್ಟೆಯ ರೆಕ್ಕೆಗಳಂತೆ ಒಂದೊಂದು ದಿಕ್ಕಿಗೆ ಮಡಿಸಿ ಮಲಗುತ್ತವೆ, ಮುಂಬದಿಯಲ್ಲಿ ಮೂಲೆ ದಪ್ಪವಾಗದೆ ಚುಕ್ಕಿಯಂತೆ ಕೂಡುತ್ತದೆ. ಮೊದಲ ಸಲ ಹೀಗೆ ಕೂಡಿದ ಮೂಲೆಯನ್ನು ತಿರುಗಿಸಿ ನೋಡಿದಾಗ ಆಗುವ ಸಂತೋಷ ದೊಡ್ಡದು. ಮಷಿನ್ ಹೊಲಿಗೆಯಲ್ಲಿ ಅಂಚಿನಿಂದ ಅಂಚಿಗೆ ಪೂರ್ತಿ ಹೊಲಿದುಬಿಡುವುದೇ ರೂಢಿಯಾದ್ದರಿಂದ, ಮೂಲೆಯಲ್ಲಿ ಅಂಚುಗಳನ್ನು ಬೇಕಾದ ಕಡೆಗೆ ತಿರುಗಿಸುವ ಈ ಸ್ವಾತಂತ್ರ್ಯ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಹೊಲಿಗೆ ಸೊಟ್ಟಗಾಗುವುದಕ್ಕೆ ಮದ್ದೆಂದರೆ ಸೂಜಿಯನ್ನು ಪ್ರತಿ ಹೊಲಿಗೆಗೂ ಹೊರಗೆಳೆಯದಿರುವುದು. ಬಲಗೈಯ ಸೂಜಿಯನ್ನು ಆದಷ್ಟು ಅಲುಗಿಸದೆ, ಎಡಗೈ ಬಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತ ನಾಲ್ಕೈದು ಹೊಲಿಗೆಗಳನ್ನು ಸೂಜಿಯ ಮೇಲೆ ಪೋಣಿಸಿಕೊಳ್ಳಬೇಕು, ಆಮೇಲೆ ಒಮ್ಮೆಗೇ ಎಳೆಯಬೇಕು. ಮೂರನೆಯ ಸಾಲಿನ ಹೊತ್ತಿಗೆ ಕೈಗೆ ಒಂದು ಲಯ ಸಿಗುತ್ತದೆ. ದಾರ ಬಟ್ಟೆಯೊಳಗಿಂದ ಸರ್ರನೆ ಸರಿದುಹೋಗುವ ಸಣ್ಣ ಸದ್ದನ್ನು ರಾತ್ರಿಯ ನಿಶ್ಶಬ್ದದಲ್ಲಿ ಕೇಳಿಸಿಕೊಳ್ಳಿ, ಅದು ಒಂದೇ ಸಮನಾದ ದಿನ ಹೊಲಿಗೆಯೂ ಒಂದೇ ಸಮನಾಗಿರುತ್ತದೆ. ಮೊದಲ ಸಾಲುಗಳನ್ನು ಬಿಚ್ಚಬೇಡಿ. ನಿಮ್ಮ ಕೈ ಎಲ್ಲಿಂದ ಎಲ್ಲಿಗೆ ಬಂತೆಂಬುದು ಅದೇ ಕೌದಿಯಲ್ಲಿ ಉಳಿಯಲಿ.

ಒಂದು ಮಾತು ಮಾತ್ರ ಹೇಳದೆ ಇರಲಾರೆ. ನಕ್ಷೆ ಬರೆದು, ಸಮ ಚೌಕ ಕತ್ತರಿಸಿ ಮಾಡುವುದು ಒಳ್ಳೆಯ ಕ್ರಮವೇ, ಆದರೆ ಅಜ್ಜಿಯವರ ಕೌದಿ ಹುಟ್ಟಿದ್ದು ಹಾಗಲ್ಲ. ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ: ಯಾವ ತುಂಡೂ ಇನ್ನೊಂದರ ಅಳತೆಗಿರುವುದಿಲ್ಲ, ಅಂಗಿಯ ತೋಳು ತೋಳಿನ ಆಕಾರದಲ್ಲೇ, ಕುಪ್ಪಸದ ಬೆನ್ನು ಬೆನ್ನಿನ ಆಕಾರದಲ್ಲೇ ಕೂತಿರುತ್ತದೆ. ಈ 120 ಚೌಕ ಮುಗಿದ ಮೇಲೆ ಎರಡನೆಯ ಕೌದಿಯನ್ನು ನಕ್ಷೆಯಿಲ್ಲದೆ ಶುರುಮಾಡಿ, ಒಂದು ತುಂಡು ಇನ್ನೊಂದನ್ನು ಕರೆಯುವುದು ಹೇಗೆಂದು ಕೈಗೇ ತಿಳಿಯುತ್ತದೆ.

ಪ್ರಶ್ನೆ: ವಯಸ್ಸು 63. ಹೊಲಿಯುವ ಆಸೆ ಇದೆ, ಸೂಜಿಗೆ ದಾರ ಪೋಣಿಸುವುದೇ ಕಷ್ಟ. ಬೆರಳ ತುದಿಯೂ ನೋಯುತ್ತದೆ. ಯಾವ ಸೂಜಿ, ಯಾವ ದಾರ ಒಳ್ಳೆಯದು?
– ಓದುಗರು, ದಾವಣಗೆರೆ

ಉತ್ತರ: ಕೈಸೂಜಿಗಳ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣದಾಗುತ್ತದೆ. ಕೌದಿಗೆ 6 ಅಥವಾ 7ನೇ ನಂಬರು ಸರಿ, ಕಣ್ಣು ದೊಡ್ಡದಿರುವ ಕಸೂತಿ ಸೂಜಿ ಸಿಕ್ಕರೆ ನಿಮಗೆ ಇನ್ನೂ ಅನುಕೂಲ. ದಬ್ಬಣ ಮಾತ್ರ ಬೇಡ, ಅದು ಹಳೆಯ ಬಟ್ಟೆಯಲ್ಲಿ ತೂತು ಬಿಡುತ್ತದೆ. ದಾರ ಹತ್ತಿಯದೇ ಇರಲಿ. ಒಂದು ಮೊಳಕ್ಕಿಂತ ಉದ್ದದ ದಾರ ತೆಗೆದುಕೊಳ್ಳಬೇಡಿ, ಉದ್ದವಾದಷ್ಟೂ ಸಿಕ್ಕಾಗುತ್ತದೆ, ಬಟ್ಟೆಯೊಳಗೆ ಹಾದುಹಾದು ಸವೆಯುತ್ತದೆ. ದಾರವನ್ನು ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ನುಣುಪಾಗಿ ಓಡುತ್ತದೆ. ಬೆಳಿಗ್ಗೆ ಬೆಳಕು ಚೆನ್ನಾಗಿರುವಾಗ, ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರಿಂದ, ಹತ್ತು ಸೂಜಿಗಳಿಗೆ ದಾರ ಪೋಣಿಸಿಟ್ಟುಕೊಂಡುಬಿಡಿ. ನಡುಬೆರಳಿಗೆ ದರ್ಜಿಗಳು ಹಾಕಿಕೊಳ್ಳುವ ಲೋಹದ ಟೊಪ್ಪಿಗೆಯನ್ನು ಹಾಕಿಕೊಂಡು ಅದರಿಂದಲೇ ಸೂಜಿಯನ್ನು ದೂಡಿ. ಮೊದಲ ಎರಡು ದಿನ ಅದು ಅಡ್ಡಿ ಎನಿಸುತ್ತದೆ, ಮೂರನೆಯ ದಿನ ಅದಿಲ್ಲದೆ ಕೂರಲಾಗುವುದಿಲ್ಲ.

ಪ್ರಶ್ನೆ: ಯಲ್ಲಾಪುರದ ಕಡೆ ಹೋದಾಗ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕವಂದಿ ನೋಡಿದೆ. ನಮ್ಮ ಬಯಲುಸೀಮೆಯ ಕೌದಿಗೂ ಅದಕ್ಕೂ ಏನು ವ್ಯತ್ಯಾಸ? ಅದನ್ನೂ ಕೈಯಿಂದಲೇ ಹೊಲಿಯುತ್ತಾರೆಯೇ?
– ಓದುಗರು, ಹಾವೇರಿ

ಉತ್ತರ: ಕೈಯಿಂದಲೇ ಹೊಲಿಯುತ್ತಾರೆ, ಮತ್ತು ಕೈಯಿಂದ ಹೊಲಿಯುವುದರ ಸೊಗಸನ್ನು ಕಣ್ಣಾರೆ ಕಾಣಬೇಕಾದರೆ ಕವಂದಿಯನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಸಿದ್ದಿಯರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಪಶ್ಚಿಮಘಟ್ಟದ ಕಾಡು ಸೇರಿದವರ ವಂಶದವರು ಇವರಲ್ಲಿ ಅನೇಕರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಯರಿದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ನಮ್ಮಲ್ಲಿ ತುಂಡುಗಳನ್ನು ಮೇಲೆ ಹರಡಿಕೊಂಡು, ಈ ಅಂಚಿನಿಂದ ಆ ಅಂಚಿನವರೆಗೆ ಉದ್ದ ಸಾಲುಗಳನ್ನು ಹಾಕುವುದು ಹೆಚ್ಚು ರೂಢಿ. ಕವಂದಿಯಲ್ಲಿ ಹೊರ ಅಂಚಿನಿಂದ ಶುರುಮಾಡುತ್ತಾರೆ. ಕೆಳಗೆ ಹಾಸಿದ ಸೀರೆಯ ಅಂಚಿಗೆ ತುಂಡುಗಳನ್ನು ಮಡಿಸಿ ಕೂರಿಸುತ್ತ, ಸುತ್ತು ಸುತ್ತಾಗಿ ಹೊಲಿಯುತ್ತ ಒಳಗೆ ಬರುತ್ತಾರೆ, ನಡುಭಾಗ ಕಟ್ಟಕಡೆಗೆ ಮುಚ್ಚುತ್ತದೆ. ಒಂದು ಸಾಲು ಇನ್ನೊಂದನ್ನು ಅನುಸರಿಸುವುದರಿಂದ ಹೊಲಿಗೆಗಳು ನೀರಿನ ಅಲೆಗಳಂತೆ ಕಾಣುತ್ತವೆ. ತುಂಡಿನ ಆಕಾರ ಬದಲಾದಂತೆ ಹೊಲಿಯುವವಳ ಸಾಲೂ ಬಾಗುತ್ತದೆ. ಇಷ್ಟು ದೊಡ್ಡ ಬಟ್ಟೆಯನ್ನು ಮಷಿನ್ನಿನ ಸಣ್ಣ ಬಾಯಿಯಲ್ಲಿ ಹೀಗೆ ಸುತ್ತಿ ಸುತ್ತಿ ತಿರುಗಿಸುವುದು ಎಷ್ಟು ತೊಡಕೆಂಬುದು ಒಮ್ಮೆ ಪ್ರಯತ್ನಿಸಿದರೆ ತಿಳಿಯುತ್ತದೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಡಿಸಿ ಮಾಡಿದ ಹೂವುಗಳನ್ನು ಹಚ್ಚುತ್ತಾರೆ. ಅವರ ಮಾತಿನಲ್ಲಿ ಅದು ‘ಫುಲಾ’. ಫುಲಾ ಇಲ್ಲದ ಕವಂದಿಯನ್ನು ಬೆತ್ತಲೆ ಎಂದೇ ಅವರು ಭಾವಿಸುತ್ತಾರೆ. ಕ್ರೈಸ್ತ ಸಿದ್ದಿಯರ ಕವಂದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕವಂದಿಗಳಲ್ಲಿ ಬಾಲಚಂದ್ರ ಕಾಣುವುದೂ ಉಂಟು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ 2011ರಲ್ಲಿ ಈ ಕವಂದಿಗಳ ಪ್ರದರ್ಶನ ನಡೆಯಿತು. ಅಷ್ಟು ದೂರ ಹೋಗಿಬಂದ ಕೆಲಸ ನಿಮ್ಮ ಪಕ್ಕದ ಜಿಲ್ಲೆಯ ಅಂಗಳಗಳಲ್ಲಿ ನಡೆಯುತ್ತಿದೆ. ಮುಂದಿನ ಸಲ ಹೋದಾಗ ಒಂದನ್ನು ಕೊಂಡುತಂದು ಅದರ ಮೂಲೆಯ ಹೂವನ್ನು ಬೆರಳಿನಿಂದ ಬಿಡಿಸಿ ನೋಡಿ, ಎಷ್ಟು ಮಡಿಕೆಗಳಿವೆಯೆಂದು ಎಣಿಸಿ.

ಪ್ರಶ್ನೆ: ನಾನು ಮೂಲತಃ ಗದಗಿನವಳು, ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಕ್ವಿಲ್ಟ್, ಅಂದರೆ ಇಲ್ಲಿಯವರ ಕೌದಿ, ಹೊಲಿಯುವವರು ಸೇರುತ್ತಾರೆ. ಎಲ್ಲರೂ ಮಷಿನ್ ತರುತ್ತಾರೆ, ನಾನೊಬ್ಬಳೇ ಸೂಜಿದಾರ ಹಿಡಿದು ಕೌದಿ ಹೊಲಿಯುತ್ತಿರುತ್ತೇನೆ. ಅವರ ನಡುವೆ ನನ್ನದು ಹಳೆಯ ಕಾಲದ ಕೆಲಸ ಎನಿಸಿ ಸಂಕೋಚವಾಗುತ್ತದೆ.
– ಓದುಗರು, ನ್ಯೂಜೆರ್ಸಿ

ಉತ್ತರ: ಸಂಕೋಚ ಬೇಡ ತಂಗೀ. ನೀವಿರುವ ದೇಶದಲ್ಲಿಯೂ ಕ್ವಿಲ್ಟುಗಳು ಹುಟ್ಟಿದ್ದು ಕೈಯಿಂದಲೇ. ಐಸಾಕ್ ಸಿಂಗರ್ ತಮ್ಮ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಅದಕ್ಕೂ ಮೊದಲಿನ ಕ್ವಿಲ್ಟುಗಳು ಬಹುಪಾಲು ಕೈಹೊಲಿಗೆಯವು, ಯಂತ್ರ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಆ ಪದ್ಧತಿ ನಿಲ್ಲಲಿಲ್ಲ. ಅಲಬಾಮಾ ರಾಜ್ಯದಲ್ಲಿ ನದಿಯೊಂದರ ತಿರುವಿನಲ್ಲಿರುವ ಜೀಸ್ ಬೆಂಡ್ (Gee's Bend) ಎಂಬ ಊರಿನ ಆಫ್ರಿಕನ್ ಅಮೆರಿಕನ್ ಹೆಣ್ಣುಮಕ್ಕಳ ಕ್ವಿಲ್ಟುಗಳ ಚಿತ್ರಗಳನ್ನು ನಿಮ್ಮ ಗ್ರಂಥಾಲಯದಲ್ಲೇ ಹುಡುಕಿ. ಹೊಲದಲ್ಲಿ ದುಡಿದು ಸವೆಸಿದ ಡೆನಿಮ್ ಚಲ್ಲಣ, ಅಂಗಿಗಳನ್ನೇ ಹರಿದು ಜೋಡಿಸಿದ ಕ್ವಿಲ್ಟುಗಳವು. ಮೊಣಕಾಲಿನ ತೇಪೆ ತೆಗೆದ ಜಾಗದಲ್ಲಿ ಬಣ್ಣ ಮಾಸದೆ ಉಳಿದ ಕಡುನೀಲಿಯೂ ಅಲ್ಲಿ ಒಂದು ಚಿತ್ರವಾಗಿ ನಿಂತಿದೆ. ಚಳಿಗೆ ಹೊದೆಯಲೆಂದು ಮಾಡಿದ ಆ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು, 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ತಂದಿತು. ಅವುಗಳ ಸಾಲುಗಳೂ ನಮ್ಮ ಕೌದಿಯ ಸಾಲುಗಳಂತೆ ಅಲ್ಲಲ್ಲಿ ಬಾಗಿವೆ, ನೋಡಿದರೆ ನಿಮಗೆ ಮನೆಯ ನೆನಪಾಗುತ್ತದೆ.

ಇನ್ನೊಂದು ಅನುಕೂಲವನ್ನು ನೀವು ಈಗಾಗಲೇ ಅನುಭವಿಸುತ್ತಿರಬೇಕು. ಮಷಿನ್ ಮುಂದೆ ಕೂತವರು ಅದರ ಸದ್ದಿಗೆ ಮಾತು ನಿಲ್ಲಿಸಬೇಕು, ಗೋಡೆಯ ಪ್ಲಗ್ ಇರುವಲ್ಲೇ ಕೂರಬೇಕು. ನಿಮ್ಮ ಕೆಲಸ ಒಂದು ಚೀಲದಲ್ಲಿ ಹಿಡಿಯುತ್ತದೆ. ರೈಲಿನಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಮಕ್ಕಳ ಆಟದ ಮೈದಾನದ ಪಕ್ಕದಲ್ಲಿ, ಎಲ್ಲಿ ಬೇಕೋ ಅಲ್ಲಿ ನಾಲ್ಕು ಹೊಲಿಗೆ ಹಾಕಬಹುದು. ಗಗನಯಾತ್ರಿ ಕ್ಯಾರೆನ್ ನೈಬರ್ಗ್ 2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ, ಬಟ್ಟೆ ತೇಲಿಹೋಗುವ ಅಂಥ ಜಾಗದಲ್ಲೂ, ನಕ್ಷತ್ರದ ಆಕಾರದ ಕ್ವಿಲ್ಟ್ ತುಂಡೊಂದನ್ನು ಕೈಯಿಂದ ಹೊಲಿದರು. ಮುಂದಿನ ವಾರ ನಿಮ್ಮ ಪಕ್ಕದವರ ಕೈಗೆ ಕೌದಿಯ ಒಂದು ಅಂಚು ಕೊಟ್ಟು, ಇನ್ನೊಂದು ಅಂಚಿನಿಂದ ನೀವು ಹೊಲಿಯಿರಿ. ಒಂದೇ ಕೌದಿಯ ಸುತ್ತ ಮೂವರು ನಾಲ್ವರು ಕೂತು ಹೊಲಿಯುವುದು ನಮ್ಮ ಹಳ್ಳಿಗಳ ಪದ್ಧತಿ. ಮಷಿನ್ ಮುಂದೆ ಒಬ್ಬರಿಗೇ ಜಾಗ.

ಪ್ರಶ್ನೆ: ನಮ್ಮ ಅತ್ತೆಯವರು ಅರ್ಧ ಹೊಲಿದು ಬಿಟ್ಟ ಕೌದಿಯೊಂದು ಅಟ್ಟದ ಮೇಲೆ ಸಿಕ್ಕಿತು. ಸೂಜಿ ಅದರಲ್ಲೇ ಇದೆ, ತುಕ್ಕು ಹಿಡಿದಿದೆ. ಅವರ ಹೊಲಿಗೆ ತುಂಬ ಸಣ್ಣದು, ನನ್ನದು ಹಾಗೆ ಬರುವುದಿಲ್ಲ. ಉಳಿದ ಭಾಗವನ್ನು ಮಷಿನ್ ಮೇಲೆ ಮುಗಿಸಲೇ, ಅಥವಾ ಅವರ ಹೊಲಿಗೆ ಬಿಚ್ಚಿ ಮೊದಲಿನಿಂದ ಹೊಲಿಯಲೇ?
– ಓದುಗರು, ವಿಜಯಪುರ

ಉತ್ತರ: ಎರಡೂ ಬೇಡ. ತುಕ್ಕು ಹಿಡಿದ ಸೂಜಿಯನ್ನು ಎಳೆದರೆ ಎಳೆಗಳು ಕಿತ್ತುಬರುತ್ತವೆ, ಆದ್ದರಿಂದ ಅದನ್ನು ಬೆರಳುಗಳ ನಡುವೆ ನಿಧಾನವಾಗಿ ತಿರುಗಿಸುತ್ತ, ಅದು ಹೊಕ್ಕ ದಾರಿಯಲ್ಲೇ ಹೊರಗೆ ತನ್ನಿ. ಅಲ್ಲೊಂದು ಕಂದು ಕಲೆ ಉಳಿಯುತ್ತದೆ, ಉಳಿಯಲಿ. ಕಲೆ ತೆಗೆಯಲು ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಡುವ ಉಪಾಯವಿದೆ, ಆದರೆ ಅಷ್ಟು ಹಳೆಯ ಬಟ್ಟೆಗೆ ಅದನ್ನು ನಾನು ಮಾಡುವುದಿಲ್ಲ. ಅವರ ಕೊನೆಯ ಹೊಲಿಗೆಯ ದಾರದ ತುದಿ ಗಂಟು ಹಾಕುವಷ್ಟು ಉದ್ದವಿದ್ದರೆ ಹಿಂಬದಿಯಲ್ಲಿ ಗಂಟು ಹಾಕಿ, ಇಲ್ಲದಿದ್ದರೆ ಅದರ ಮೇಲೆಯೇ ನಾಲ್ಕು ಹೊಲಿಗೆ ಹಾಕಿ ಭದ್ರಪಡಿಸಿ. ಅಲ್ಲಿಂದ ಮುಂದೆ ಬೇರೆ ಬಣ್ಣದ ದಾರ ತೆಗೆದುಕೊಳ್ಳಿ. ಅವರದು ಬಿಳಿಯಾಗಿದ್ದರೆ ನಿಮ್ಮದು ಕೆಂಪಾಗಿರಲಿ. ಅವರ ಕೈಯನ್ನು ಅನುಕರಿಸಲು ಹೋದರೆ ನಿಮ್ಮ ಹೊಲಿಗೆ ಇನ್ನೂ ಕೆಡುತ್ತದೆ. ಅವರು ಇಂಚಿಗೆ ಆರು ಹಾಕಿದ್ದರೆ ನೀವು ನಾಲ್ಕೇ ಹಾಕಿ, ಆದರೆ ಸಾಲುಗಳ ನಡುವಿನ ಅಂತರವನ್ನು ಮಾತ್ರ ಅವರದರಷ್ಟೇ ಇಟ್ಟುಕೊಳ್ಳಿ. ಅಂತರ ಹೆಚ್ಚಿದರೆ ನಿಮ್ಮ ಭಾಗ ಒಗೆದಾಗ ಜೋಲುತ್ತದೆ. ಒಂದು ಮೂಲೆಯಲ್ಲಿ ನಿಮ್ಮ ಹಳೆಯ ಸೀರೆಯದೊಂದು ತುಂಡನ್ನೂ ಸೇರಿಸಿ.

ಪ್ರಶ್ನೆ: ಕೌದಿ ಹೊಲಿದು ಮಾರುತ್ತೇನೆ. ಪೇಟೆಯಲ್ಲಿ ಮಷಿನ್ ಕೌದಿ ಅಗ್ಗಕ್ಕೆ ಸಿಗುತ್ತದೆ, ಗಿರಾಕಿಗಳು ಅದೇ ರೇಟಿಗೆ ಕೊಡು ಎನ್ನುತ್ತಾರೆ. ಏನು ಹೇಳಬೇಕು?
– ಓದುಗರು, ಗೋಕಾಕ

ಉತ್ತರ: ಲೆಕ್ಕ ಹೇಳಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಗೆ ಮುಕ್ಕಾಲು ಇಂಚಿಗೊಂದರಂತೆ 64 ಸಾಲುಗಳು. ಒಂದೊಂದು ಸಾಲು ಆರು ಅಡಿ ಎಂದರೆ ಒಟ್ಟು 384 ಅಡಿ. ಇಂಚಿಗೆ ನಾಲ್ಕು ಹೊಲಿಗೆಯಾದರೆ 18 ಸಾವಿರಕ್ಕೂ ಹೆಚ್ಚು ಹೊಲಿಗೆಗಳು. ನನ್ನ ಕೈಗೆ ತಾಸಿಗೆ ಎಂಟೊಂಬತ್ತು ಅಡಿ ಆಗುತ್ತದೆ, ಅಂದರೆ 45 ತಾಸುಗಳ ಕೆಲಸ. ತುಂಡು ಆರಿಸಿ ಮಡಿಸಿ ಹರಡಿಕೊಳ್ಳುವುದಕ್ಕೆ ಇನ್ನೊಂದು ದಿನ ಬೇಕು. ದಿನಕ್ಕೆ ಎಂಟು ತಾಸಿನ ಲೆಕ್ಕದಲ್ಲಿ ಸುಮಾರು ಏಳು ದಿನದ ದುಡಿಮೆ. ನಿಮ್ಮ ಊರಿನಲ್ಲಿ ಹೊಲದ ಕೆಲಸಕ್ಕೆ ಎಷ್ಟು ಕೂಲಿ ಇದೆಯೋ ಅದರ ಏಳು ಪಟ್ಟಿಗಿಂತ ಕಡಿಮೆಗೆ ಕೊಟ್ಟರೆ ನಿಮ್ಮ ಕೈಯಿಂದ ಹಾಕಿಕೊಂಡು ಮಾರಿದಂತೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಕೌದಿಗೆ ಲಗತ್ತಿಸಿ. ಗಿರಾಕಿಗಳು ಬಟ್ಟೆಗೆ ಮಾತ್ರ ಬೆಲೆ ಕಟ್ಟುವುದು ಹೊಲಿಗೆಯ ಲೆಕ್ಕ ಅವರಿಗೆ ಕಾಣದಿರುವುದರಿಂದ. ಮಷಿನ್ ಕೌದಿಯ ಪಕ್ಕದಲ್ಲಿ ನಿಮ್ಮದನ್ನಿಟ್ಟು ಎರಡನ್ನೂ ಮುಟ್ಟಿ ನೋಡಲು ಹೇಳಿ. ಅಷ್ಟಾದ ಮೇಲೂ ಅಗ್ಗದ್ದೇ ಬೇಕೆನ್ನುವವರನ್ನು ಪ್ರೀತಿಯಿಂದ ಪೇಟೆಗೆ ಕಳುಹಿಸಿಕೊಡಿ. ಅವರಿಗೆ ಅಗ್ಗದ ಹೊದಿಕೆ ಬೇಕಾಗಿರುವುದು ತಪ್ಪಲ್ಲ, ಅದಕ್ಕಾಗಿ ನಿಮ್ಮ ಏಳು ದಿನಗಳನ್ನು ಅರ್ಧ ಬೆಲೆಗೆ ಕೊಡಬೇಕಾಗಿಲ್ಲ.

ಪ್ರಶ್ನೆ: ಕೈಹೊಲಿಗೆಯ ಕೌದಿಯನ್ನು ಒಗೆಯುವುದು ಹೇಗೆ? ವಾಷಿಂಗ್ ಮಷಿನ್‌ಗೆ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಹಾಕಬೇಡಿ. ನೆನೆದ ಕೌದಿಯ ಭಾರ ಒಂದು ಕಡೆ ಸೇರಿ ಹೊಲಿಗೆ ಎಳೆಯುತ್ತದೆ. ಕೆಂಪು ತುಂಡುಗಳಿದ್ದರೆ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡಿ. ಅಂಟುವಾಳದ ನೊರೆ ಕದಡಿದ ತಣ್ಣೀರಿನಲ್ಲಿ ಅರ್ಧ ತಾಸು ನೆನೆಸಿ, ಕಾಲಿನಿಂದ ಮೆಲ್ಲಗೆ ತುಳಿದು ಕೊಳೆ ಬಿಡಿಸಿ, ಎರಡು ಮೂರು ನೀರಿನಲ್ಲಿ ಜಾಲಿಸಿ. ನಮ್ಮ ಕಡೆ ದಸರೆಗೆ ಮುಂಚೆ ಮನೆಯ ಹಾಸಿಗೆ, ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವ ರೂಢಿ. ಇಬ್ಬರು ಎರಡು ತುದಿ ಹಿಡಿದು ಹಗ್ಗ ಹೊಸೆದಂತೆ ಹಿಂಡುತ್ತಿದ್ದರು. ಹೊಸ ಬಟ್ಟೆಯ ಕೌದಿ ಅದನ್ನು ತಾಳುತ್ತದೆ. ಹಳೆಯ ಧೋತರದ ಕೌದಿಯನ್ನು ಮಾತ್ರ ಹಿಂಡದೆ, ಮಡಿಸಿ ಕಲ್ಲಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೀರು ತೆಗೆಯಿರಿ. ಒಂದು ಹಗ್ಗದ ಮೇಲೆ ಜೋತುಬಿಡದೆ, ಒಂದು ಮೊಳ ಅಂತರದ ಎರಡು ಹಗ್ಗಗಳ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದೆಯೇ ಎಂದು ನೋಡಲು ನಡುಭಾಗವನ್ನು ಕೆನ್ನೆಗೆ ಒತ್ತಿಕೊಳ್ಳಿ. ಒಳಪದರದಲ್ಲಿ ತೇವವಿದ್ದರೆ ಕೆನ್ನೆಗೆ ತಣ್ಣಗೆ ತಾಕುತ್ತದೆ.